ಹಾಪ್‌ಕಾಮ್ಸ್ ಸೊಪ್ಪು, ಎರಡು ಹೊತ್ತಿನ ಊಟ

ತಿಂಗಳ ಕೊನೇ ವಾರ ಕೈ ಬಿಗಿಯಾದಾಗ ನಾನು ಹೋಗೋದು ನಮ್ಮ ಬೀದಿ ಮೂಲೆಯ ಹಾಪ್‌ಕಾಮ್ಸ್‌ಗೆ. 1959ರಲ್ಲಿ ಶುರುವಾದ, ತೋಟಗಾರಿಕೆ ಬೆಳೆಗಾರರ ಸಹಕಾರ ಸಂಘದ ಹಣ್ಣು-ತರಕಾರಿ ಅಂಗಡಿ ಇದು. ದಿನದ ದರ ಬೋರ್ಡಿನಲ್ಲೇ ಇರುತ್ತೆ, ಚೌಕಾಸಿ ಇಲ್ಲ. ಕಾಲು ಕೆಜಿ ಕೇಳಿದರೂ ನಗುತ್ತಲೇ ತೂಗಿ ಕೊಡ್ತಾರೆ.

ನಿನ್ನೆ ಒಂದು ಕಟ್ಟು ದಂಟಿನ ಸೊಪ್ಪು ತಂದೆ. ನಾರು ತೆಗೆದ ದಂಟನ್ನೂ ಸೇರಿಸಿ ಒಂದು ಲೋಟ ಅಲಸಂದೆ ಕಾಳಿನ ಜೊತೆ ಬೇಯಿಸಿ ಬಸಿದೆ. ಬಸಿದ ನೀರಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಚೂರು ಹುಣಸೆ, ಒಂದು ಹಿಡಿ ಬೆಂದ ಕಾಳು ರುಬ್ಬಿ ಹಾಕಿ ಕುದಿಸಿದರೆ ಬಸ್ಸಾರು. ಉಳಿದದ್ದಕ್ಕೆ ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಪಲ್ಯ. ಮುದ್ದೆ ಜೊತೆ ನಾಲ್ಕು ಜನಕ್ಕೆ ಎರಡು ಹೊತ್ತಿಗೂ ಆಯ್ತು. ರಾತ್ರಿ ಸಾರಂತೂ ಇನ್ನೂ ರುಚಿ!

ಸೊಪ್ಪು ಬೇಕಿದ್ದರೆ ಬೆಳಿಗ್ಗೆಯೇ ಹೋಗಿ.