ಹಳೆಯ ಪಿಕಪ್ಪಿಗೆ ವೋಲ್ಟೇಜ್ ಕಮ್ಮಿ, ಐಡ್ಲಿಂಗಲ್ಲಿ ನಡುಕ: ಮಲ್ಟಿಮೀಟರೋ, ಸ್ಕ್ಯಾನರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಾದಾ ಡಿಜಿಟಲ್ ಮಲ್ಟಿಮೀಟರಿಗೆ. ಗಾಡಿಯ ಕಂಪ್ಯೂಟರು ಹೇಳುವ ದೋಷಗಳನ್ನು ಫೋನಿನಲ್ಲಿ ತೋರಿಸುವ ಬ್ಲೂಟೂತ್ ಸ್ಕ್ಯಾನರನ್ನೇನೂ ಬಿಸಾಡಿಲ್ಲ, ಅದರಿಂದ ಒಂದು ದೊಡ್ಡ ಉಪಕಾರವೂ ಆಗಿದೆ, ಅದನ್ನು ಆಮೇಲೆ ಹೇಳುತ್ತೇನೆ. ಆದರೆ ಹಳೆಯ ಪೆಟ್ರೋಲ್ ಪಿಕಪ್ಪಿನಲ್ಲಿ ವೋಲ್ಟೇಜ್ ಇಳಿಯುವುದು, ಐಡ್ಲಿಂಗಲ್ಲಿ, ಅಂದರೆ ರೇಸ್ ಕೊಡದೆ ನಿಂತಿರುವಾಗ, ಎಂಜಿನ್ ನಡುಗುವುದು ಎರಡೂ ಒಟ್ಟಿಗೆ ಶುರುವಾದಾಗ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು ಅಂದರೆ ನನ್ನಲ್ಲಿ ಎರಡನೇ ಮಾತಿಲ್ಲ.

ನನ್ನ ಗಾಡಿಯ ಕಾಯಿಲೆ ಹೀಗಿತ್ತು. ನಿಂತಲ್ಲಿ ಆರ್‌ಪಿಎಂ ಮುಳ್ಳು 700ರಿಂದ 500ರ ಹತ್ತಿರ ಬೀಳುವುದು, ಮತ್ತೆ ಏರುವುದು. ಹೆಡ್‌ಲೈಟು, ಬ್ಲೋವರ್ ಹಾಕಿದರೆ ನಡುಕ ಇನ್ನೂ ಜಾಸ್ತಿ, ಬ್ಯಾಟರಿ ದೀಪ ಮಿಣಮಿಣ. ಸ್ವಲ್ಪ ರೇಸ್ ಕೊಟ್ಟರೆ ಎಲ್ಲ ಸರಿಹೋದಂತೆ. ಇಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಅನ್ನುವುದೇ ಗೊಂದಲ. ವೋಲ್ಟೇಜ್ ಇಳಿದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೆರೆದುಕೊಳ್ಳುವುದು ತಡವಾಗುತ್ತದೆ. ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರು, ಅದಕ್ಕೆ ತಕ್ಕಂತೆ ಸಮಯ ಕೂಡಿಸುತ್ತದಾದರೂ ಅದಕ್ಕೂ ಒಂದು ಮಿತಿಯಿದೆ. ಕಾಯಿಲ್ ಕಿಡಿ ಸೊರಗುತ್ತದೆ, ಪೆಟ್ರೋಲ್ ಪಂಪು ನಿಧಾನವಾಗುತ್ತದೆ, ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ. ತಿರುಗಿಸಿ ನೋಡಿದರೆ, ಬೇರೆ ಯಾವ ಕಾರಣಕ್ಕೇ ಆಗಲಿ ಐಡ್ಲಿಂಗ್ ಬಿದ್ದರೆ ಬ್ಯಾಟರಿಗೆ ಕರೆಂಟ್ ತುಂಬುವ ಆಲ್ಟರ್ನೇಟರ್ ಸಾಕಷ್ಟು ಸುತ್ತುವುದಿಲ್ಲ, ವೋಲ್ಟೇಜ್ ತಾನಾಗೇ ಇಳಿಯುತ್ತದೆ.

ಡ್ಯಾಶ್‌ಬೋರ್ಡಿನ ವೋಲ್ಟ್ ಮುಳ್ಳನ್ನು ನಂಬಬೇಡಿ, ಅದು ಇದೆ ಅಷ್ಟೇ. ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ವೋಲ್ಟ್‌ಮೀಟರ್ ಅದಕ್ಕಿಂತ ವಾಸಿ. ಆದರೆ ಅದು ತೋರಿಸುವುದು ಆ ಸಾಕೆಟ್ಟಿನವರೆಗೆ ಉಳಿದು ಬಂದ ವೋಲ್ಟೇಜನ್ನು, ಬ್ಯಾಟರಿಯದ್ದನ್ನಲ್ಲ.

ಇನ್ನು ಸ್ಕ್ಯಾನರ್. ಸಿಕ್ಕಿಸಿದ ತಕ್ಷಣ ಎರಡು ಕೋಡ್ ಬಂದವು: ಪಿ 0562 ಮತ್ತು ಪಿ 0300. ಮೊದಲನೆಯದು ಸಿಸ್ಟಂ ವೋಲ್ಟೇಜ್ ಕಮ್ಮಿ ಅನ್ನುತ್ತದೆ, ಎರಡನೆಯದು ಯಾವ ಸಿಲಿಂಡರ್ ಅಂತ ಗೊತ್ತಾಗದ ಮಿಸ್‌ಫೈರ್ ಅನ್ನುತ್ತದೆ. ಅಂದರೆ ದೀಪ ಮಿಣುಕುವುದನ್ನೂ ಸ್ಟೇರಿಂಗ್ ನಡುಗುವುದನ್ನೂ ನೋಡಿ ನನಗೆ ಆಗಲೇ ಗೊತ್ತಿದ್ದದ್ದನ್ನೇ ಅದು ಅಂಕಿಯಲ್ಲಿ ಬರೆದುಕೊಟ್ಟಿತು.

ಕೋಡಿನ ಮಾತು ಬಿಡಿ. ನನ್ನನ್ನು ನಿಜವಾಗಿ ಕಾಡಿದ್ದು ಆಪ್‌ನಲ್ಲಿ ಕಾಣುವ ಎರಡು ವೋಲ್ಟೇಜು. ಒಂದರ ಹೆಸರು ಅಡಾಪ್ಟರ್ ವೋಲ್ಟೇಜ್, ಇನ್ನೊಂದು ಕಂಟ್ರೋಲ್ ಮಾಡ್ಯೂಲ್ ವೋಲ್ಟೇಜ್. ಲೈಟು, ಬ್ಲೋವರ್ ಹಾಕಿ 1500 ಆರ್‌ಪಿಎಂನಲ್ಲಿ ಹಿಡಿದಾಗ ಮೊದಲನೆಯದು 12.6, ಎರಡನೆಯದು 13.0. ಅದೇ ಗಳಿಗೆಯಲ್ಲಿ ಬ್ಯಾಟರಿಯ ಮೇಲೆ ಮಲ್ಟಿಮೀಟರ್ ಇಟ್ಟರೆ 13.2. ಒಂದೇ ಗಾಡಿ, ಮೂರು ಅಂಕಿ. ಐಡ್ಲಿಂಗಲ್ಲಂತೂ ಅಡಾಪ್ಟರ್ ಅಂಕಿ 12ರ ಕೆಳಗೆ ಇಳಿಯುತ್ತಿತ್ತು. ಅದನ್ನೊಂದೇ ನೋಡಿದ ಯಾರಾದರೂ ಆಲ್ಟರ್ನೇಟರ್ ಸತ್ತಿದೆ ಎಂದು ಹೊಸದು ತರಲು ಹೊರಟುಬಿಡುತ್ತಾರೆ.

ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ನೋಡಿ. ಮಾಡ್ಯೂಲ್ ವೋಲ್ಟೇಜ್ ಅಂದರೆ ಇಸಿಯು ತನಗೆ ಸಿಗುತ್ತಿರುವುದನ್ನು ತಾನೇ ಅಳೆದು ಹೇಳುವುದು. ಫ್ಯೂಸು, ರಿಲೇ, ವೈರು ದಾಟಿ ಬಂದದ್ದಾದ್ದರಿಂದ ಬ್ಯಾಟರಿಗಿಂತ ತುಸು ಕಮ್ಮಿ ಇರುವುದು ಸಹಜ. ಅಡಾಪ್ಟರ್ ವೋಲ್ಟೇಜನ್ನು ಅಳೆಯುವುದು ಡಾಂಗಲ್ (ಗಾಡಿಗೆ ಸಿಕ್ಕಿಸುವ ಸ್ಕ್ಯಾನರಿನ ತುಂಡು) ಒಳಗಿನ ಚಿಪ್, ಅದನ್ನು ಸಿಕ್ಕಿಸುವ ಓಬಿಡಿ ಸಾಕೆಟ್ಟಿನ 16ನೇ ಪಿನ್ನಿನಿಂದ. ಅಗ್ಗದ ಡಾಂಗಲ್‌ಗಳಲ್ಲಿ ಇರುವುದು ಸಾಮಾನ್ಯವಾಗಿ ಇಎಲ್‌ಎಂ 327 ಚಿಪ್ಪಿನ ನಕಲು, ಅವುಗಳ ವೋಲ್ಟೇಜ್ ಅಂಕಿ ಅರ್ಧ ವೋಲ್ಟ್ ಆಚೀಚೆ ಆಗುವುದು ಹೊಸದೇನಲ್ಲ. ಮೂಲ ಚಿಪ್ಪಿನಲ್ಲೇ ಈ ಅಂಕಿಯನ್ನು ತಿದ್ದಲು ಪ್ರತ್ಯೇಕ ಕಮಾಂಡ್ ಇದೆ, ಕೆಲವು ಆಪ್‌ಗಳೂ ತಿದ್ದಲು ಬಿಡುತ್ತವೆ. ಆದರೆ ತಿದ್ದಬೇಕಾದರೆ ಸರಿಯಾದ ಅಂಕಿ ಎಷ್ಟು ಅಂತ ಗೊತ್ತಿರಬೇಕಲ್ಲ? ಅದಕ್ಕೆ ಮಲ್ಟಿಮೀಟರ್ ಬೇಕು! ವೋಲ್ಟೇಜ್ ನೋಡಲೆಂದು ತಂದ ಸ್ಕ್ಯಾನರಿಗೆ ವೋಲ್ಟೇಜ್ ಕಲಿಸಲು ಮೀಟರೇ ಬೇಕಾಯಿತು ಅಂದರೆ, ಮೀಟರನ್ನೇ ಮೊದಲು ತರುವುದು ಮೇಲಲ್ಲವೇ?

ಹಾಗಂತ ಎಲ್ಲವೂ ಡಾಂಗಲ್ಲಿನ ಸುಳ್ಳಲ್ಲ. ಬ್ಯಾಟರಿಯಲ್ಲೇ 13.2 ಅಂದರೆ ಕಮ್ಮಿಯೇ. ಹೆಚ್ಚಿನ ಗಾಡಿಗಳಲ್ಲಿ ಎಂಜಿನ್ ಓಡುವಾಗ 13.8ರಿಂದ 14.7ರ ನಡುವೆ ಇರಬೇಕು. ಆ ವೋಲ್ಟೇಜ್ ಎಲ್ಲಿ ಸೋರುತ್ತಿದೆ ಅನ್ನುವ ಪ್ರಶ್ನೆಗೆ ಸ್ಕ್ಯಾನರಿನ ಹತ್ತಿರ ಉತ್ತರವೇ ಇಲ್ಲ. ಮೀಟರಿನ ಹತ್ತಿರ ಇದೆ.

ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಅದೇ ಲೋಡು, ಅದೇ ರೇಸಿನಲ್ಲಿ ಆಲ್ಟರ್ನೇಟರಿನ ದಪ್ಪ ವೈರಿನ ಬೋಲ್ಟಿಗೂ ಅದರ ಮೈಗೂ ಪ್ರೋಬ್ ಇಟ್ಟೆ: 14.3. ಆಲ್ಟರ್ನೇಟರ್ ಗಟ್ಟಿಯಾಗಿಯೇ ಇದೆ! ಹುಟ್ಟುವ ಕಡೆ 14.3, ಬ್ಯಾಟರಿಗೆ ತಲುಪುವುದು 13.2, ನಡುವೆ 1.1 ವೋಲ್ಟ್ ಮಾಯ. ಆಲ್ಟರ್ನೇಟರ್ ಬೋಲ್ಟಿನಿಂದ ಬ್ಯಾಟರಿಯ ಪಾಸಿಟಿವ್‌ಗೆ ಹಿಡಿದರೆ 0.2, ಅಷ್ಟು ನಡೆಯುತ್ತದೆ. ಆಲ್ಟರ್ನೇಟರ್ ಮೈಯಿಂದ ಬ್ಯಾಟರಿಯ ನೆಗೆಟಿವ್‌ಗೆ ಹಿಡಿದರೆ 0.9. ಅರ್ತಿನ, ಅಂದರೆ ನೆಗೆಟಿವ್ ಕಡೆಯ, ದಾರಿಯಲ್ಲಿ 0.2ಕ್ಕಿಂತ ಜಾಸ್ತಿ ಬಂದರೆ ಅಲ್ಲೇ ಹುಡುಕಬೇಕು, ಇಲ್ಲಿ ಅದರ ನಾಲ್ಕು ಪಟ್ಟಿಗೂ ಮೀರಿತ್ತು. ಪ್ರೋಬ್ ಇಡುವಾಗ ಒಂದು ಎಚ್ಚರ: ಬ್ಯಾಟರಿಯ ಸೀಸದ ಕಂಬದ ಮೇಲೇ ಇಡಿ, ಅದನ್ನು ತಬ್ಬಿರುವ ಕ್ಲಾಂಪಿನ ಮೇಲಲ್ಲ. ಕ್ಲಾಂಪೇ ಕಳ್ಳನಾಗಿದ್ದರೆ ಗೊತ್ತೇ ಆಗುವುದಿಲ್ಲ.

ಕಪ್ಪು ಪ್ರೋಬ್ ಕಂಬದ ಮೇಲಿಟ್ಟು ಕೆಂಪನ್ನು ಒಂದೊಂದೇ ಹೆಜ್ಜೆ ಸರಿಸುತ್ತಾ ಹೋದೆ. ಕ್ಲಾಂಪಿನಲ್ಲಿ ಏನೂ ಇಲ್ಲ. ಅರ್ತ್ ಕೇಬಲ್ಲು ಎಂಜಿನ್ ಬ್ಲಾಕಿಗೆ ಸೇರುವ ಲಗ್ಗಿನ (ಕೇಬಲ್ ತುದಿಯ ಲೋಹದ ಬಳೆಯ) ಮೇಲೆ 0.1. ಲಗ್ಗಿನಿಂದ ಬೆರಳಗಲ ಆಚೆ ಬ್ಲಾಕಿನ ಬರಿಯ ಲೋಹಕ್ಕೆ ಚುಚ್ಚಿದರೆ 0.9. ಆ ಬೆರಳಗಲದಲ್ಲೇ 0.8 ವೋಲ್ಟ್ ಹೋಗುತ್ತಿತ್ತು. ಬೋಲ್ಟು ಬಿಚ್ಚಿದರೆ ಮೇಲೆ ಆಯಿಲು ಮೆತ್ತಿದ ಧೂಳು, ಲಗ್ಗಿನ ಅಡಿಯಲ್ಲಿ ಹಸಿರುಗಟ್ಟಿದ ತಾಮ್ರ, ಬ್ಲಾಕಿನ ಮೇಲೆ ಉಂಗುರದಾಕಾರದಲ್ಲಿ ಹಳೆಯ ಪೇಂಟು. ಬ್ಯಾಟರಿ ಕೇಬಲ್ ಕಳಚಿಟ್ಟು ಎರಡೂ ಮುಖವನ್ನು ಎಮರಿ ಪೇಪರಿನಿಂದ ಹೊಳೆಯುವವರೆಗೆ ಉಜ್ಜಿ ಬಿಗಿ ಮಾಡಿದೆ. ಆಲ್ಟರ್ನೇಟರ್ ಮೈಯಿಂದ ನೆಗೆಟಿವ್‌ಗೆ ಈಗ 0.06. ಬ್ಯಾಟರಿಯಲ್ಲಿ 14.0. ಮುಳ್ಳು ಬೀಳುವುದು ನಿಂತಿತು, ಬ್ಯಾಟರಿ ದೀಪ ಮತ್ತೆ ಹತ್ತಲಿಲ್ಲ.

ಮೀಟರಿನ ಇನ್ನೊಂದು ಲಾಭ, ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಎಸಿ ವೋಲ್ಟೇಜ್ ನೋಡಬಹುದು. 0.5ಕ್ಕಿಂತ ಮೇಲೆ ಬಂದರೆ ಎಸಿಯನ್ನು ಡಿಸಿ ಮಾಡುವ ಆಲ್ಟರ್ನೇಟರಿನ ಡಯೋಡ್ ಮೇಲೆ ಅನುಮಾನ ಪಡಬೇಕು. ಕೆಲವು ಅಗ್ಗದ ಮೀಟರುಗಳು ಡಿಸಿಯನ್ನೇ ಎಸಿ ಎಂದು ತೋರಿಸುತ್ತವೆ, ಹಾಗಾಗಿ ಎಂಜಿನ್ ಆಫ್ ಇರುವಾಗ ಒಮ್ಮೆ ಇಟ್ಟು ನೋಡಿ, ಸೊನ್ನೆ ಬರಬೇಕು. ಎಂಜಿನ್ ಓಡುವಾಗಲೇ ಬ್ಯಾಟರಿ ವೈರ್ ಕಿತ್ತು ಆಲ್ಟರ್ನೇಟರ್ ಪರೀಕ್ಷೆ ಮಾಡುವ ಹಳೆಯ ಪದ್ಧತಿ ಇದೆಯಲ್ಲ, ಇಸಿಯು ಇರುವ ಗಾಡಿಯಲ್ಲಿ ಅದು ಬೇಡವೇ ಬೇಡ. ಆಗ ಏಳುವ ವೋಲ್ಟೇಜ್ ಇಸಿಯುವನ್ನೇ ಸುಟ್ಟುಬಿಡಬಹುದು.

ಟೆಸ್ಟ್ ಲ್ಯಾಂಪಿಗೂ, ಅಂದರೆ ವೈರಿನಲ್ಲಿ ಕರೆಂಟ್ ಇದೆಯೇ ಅಂತ ನೋಡುವ ಬಲ್ಬಿಗೂ, ಒಂದು ಮಾತು ಸಲ್ಲಬೇಕು. ತುಂಡಾಗುತ್ತಾ ಬಂದ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ, ಲೋಡ್ ಇಲ್ಲದಾಗ ಮೀಟರ್ ಪೂರ್ತಿ 12 ತೋರಿಸುತ್ತದೆ. ಹಳೆಯ ಬಲ್ಬಿನ ಲ್ಯಾಂಪು ಕರೆಂಟು ಎಳೆಯುವುದರಿಂದ ಮಂಕಾಗಿ ನಿಜ ಹೇಳಬಹುದು. ಇಸಿಯು, ಏರ್‌ಬ್ಯಾಗ್ ವೈರುಗಳ ಹತ್ತಿರ ಮಾತ್ರ ಅದನ್ನು ಒಯ್ಯಬೇಡಿ. ವೈರಿನ ಸುತ್ತ ಹಿಡಿದು ಕರೆಂಟು ಅಳೆಯುವ ಕ್ಲಾಂಪ್ ಮೀಟರ್ ಕೊಳ್ಳುವವರು ಡಿಸಿ ಆಂಪಿಯರ್ ಅಳೆಯುತ್ತದೋ ನೋಡಿ, ಬರೀ ಎಸಿ ಅಳೆಯುವುದು ಗಾಡಿಗೆ ದಂಡ.

ಈಗ ಸ್ಕ್ಯಾನರಿನ ಉಪಕಾರ. ವೋಲ್ಟೇಜ್ ಸರಿಹೋದ ಮೇಲೂ ಐಡ್ಲಿಂಗಲ್ಲಿ ಸಣ್ಣ ನಡುಕ ಉಳಿದೇ ಇತ್ತು. ಲೈವ್ ಡೇಟಾ ತೆರೆದರೆ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲನ್ನು ಲೆಕ್ಕಕ್ಕಿಂತ ಶೇಕಡಾ ಎಷ್ಟು ಹೆಚ್ಚುಕಮ್ಮಿ ಮಾಡುತ್ತಿದೆ ಅನ್ನುವುದು, ಐಡ್ಲಿಂಗಲ್ಲಿ ಪ್ಲಸ್ 18, 2500 ಆರ್‌ಪಿಎಂನಲ್ಲಿ ಪ್ಲಸ್ 4. ಒಳಹೋಗುವ ಗಾಳಿಯನ್ನು ಅಳೆಯುವ ಏರ್ ಫ್ಲೋ ಸೆನ್ಸರ್ ಇರುವ ಎಂಜಿನ್ನಿನಲ್ಲಿ ಇದರರ್ಥ, ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ನುಗ್ಗುತ್ತಿದೆ. ಐಡ್ಲಿಂಗಲ್ಲಿ ಒಟ್ಟು ಗಾಳಿಯೇ ಕಮ್ಮಿಯಾದ್ದರಿಂದ ಕಳ್ಳಗಾಳಿಯ ಪಾಲು ಎದ್ದು ಕಾಣುತ್ತದೆ, ರೇಸ್ ಕೊಟ್ಟಾಗ ಮುಳುಗಿಹೋಗುತ್ತದೆ. ಹುಡುಕಿದರೆ ಪಿಸಿವಿ ಹೋಸ್ (ಎಂಜಿನ್ ಒಳಗಿನ ಆವಿಯನ್ನು ಮತ್ತೆ ಇನ್‌ಟೇಕಿಗೆ ಒಯ್ಯುವ ಪೈಪು) ಬಾಗುವ ಕಡೆ, ಕೆಳಮುಖದಲ್ಲಿ, ಬಿರುಕು. ಮಡಚಿದರೆ ಮಾತ್ರ ಬಾಯಿ ಬಿಡುತ್ತಿತ್ತು. ಇದನ್ನು ಮಲ್ಟಿಮೀಟರ್ ಜನ್ಮದಲ್ಲಿ ಹೇಳುತ್ತಿರಲಿಲ್ಲ. ಕಾರ್ಬ್ ಕ್ಲೀನರ್ ಸ್ಪ್ರೇ ಮಾಡಿ ಲೀಕ್ ಹುಡುಕುವವರಿದ್ದಾರೆ, ಬಿಸಿ ಎಂಜಿನ್ ಮೇಲೆ ಬೆಂಕಿ ಹತ್ತುವ ಆ ಕೆಲಸಕ್ಕೆ ನಾನು ಕೈಹಾಕುವುದಿಲ್ಲ.

ಅಷ್ಟಾದರೂ ನನ್ನ ಆಯ್ಕೆ ಬದಲಾಗಿಲ್ಲ. ಅರ್ತ್ ಸರಿಮಾಡುವ ಮೊದಲೇ ಟ್ರಿಮ್ ನೋಡಿದ್ದರೆ, ವೋಲ್ಟೇಜ್ ಇಳಿದು ಇಂಜೆಕ್ಟರ್ ಸೊರಗಿದ್ದಕ್ಕೆ ಹೀಗೋ, ಗಾಳಿ ಸೋರಿದ್ದಕ್ಕೆ ಹೀಗೋ ಅಂತ ಬೇರೆ ಮಾಡಲಾಗುತ್ತಿರಲಿಲ್ಲ. ಅದೂ ಅಲ್ಲದೆ ನಾನು ಹೇಗಿದ್ದರೂ ಬಾನೆಟ್ ಎತ್ತಿ ಕೈ ಮಸಿ ಮಾಡಿಕೊಳ್ಳುವವನು. ಫೋನಿಗೆ ಪೇರ್ ಮಾಡು, ಆಪ್ ಅಪ್‌ಡೇಟ್ ಮಾಡು, ಜಾಹೀರಾತು ಮುಗಿಯಲಿ ಅಂತ ಕಾಯುವ ತಾಳ್ಮೆ ನನಗಿಲ್ಲ. ಡಾಂಗಲನ್ನು ಸಾಕೆಟ್ಟಿನಲ್ಲೇ ಮರೆತರೆ, 16ನೇ ಪಿನ್ನಿಗೆ ಸದಾ ಕರೆಂಟ್ ಇರುವುದರಿಂದ, ನಿಂತ ಗಾಡಿಯ ಬ್ಯಾಟರಿಯನ್ನೂ ಅದು ಹೀರುತ್ತದೆ.

ಗಾಡಿ ತೀರಾ ಹಳೆಯದಾದರೆ ಚರ್ಚೆಯೇ ಇಲ್ಲ. ಓಬಿಡಿ 2, ಅಂದರೆ ಈ ಸ್ಕ್ಯಾನರುಗಳು ಓದುವ ವ್ಯವಸ್ಥೆ, ಅಮೆರಿಕದಲ್ಲಿ ಕಡ್ಡಾಯವಾದದ್ದು 1996ರ ಮಾಡೆಲ್‌ಗಳಿಂದ, ಯುರೋಪಿನ ಪೆಟ್ರೋಲ್ ಗಾಡಿಗಳಿಗೆ 2001ರಲ್ಲಿ. ಅದಕ್ಕೂ ಹಿಂದಿನ ಪಿಕಪ್ಪಿನಲ್ಲಿ ಡಾಂಗಲ್ ಸಿಕ್ಕಿಸಲು ಜಾಗವೇ ಇಲ್ಲದಿರಬಹುದು. ಜೇಬಿನಲ್ಲಿ ಒಂದಕ್ಕೆ ಸಾಕಾಗುವಷ್ಟೇ ದುಡ್ಡಿದ್ದರೆ ಮೀಟರ್ ತನ್ನಿ. ಎರಡನೆಯದಕ್ಕೂ ಇದ್ದರೆ, ಬರೀ ಕೋಡ್ ಓದಿ ಅಳಿಸುವ ಸ್ಕ್ಯಾನರ್ ಬಿಟ್ಟು ಫ್ಯೂಯಲ್ ಟ್ರಿಮ್ ತೋರಿಸುವುದನ್ನು ತನ್ನಿ. ಮೀಟರಿನಲ್ಲಿ ದುಬಾರಿ ಮಾಡೆಲ್ ಬೇಕಿಲ್ಲ, 20 ವೋಲ್ಟ್ ರೇಂಜಿನಲ್ಲಿ ಎರಡು ದಶಮಾಂಶ ತೋರಿಸಿದರೆ ಸಾಕು. ಜೊತೆಗೆ ಬರುವ ವೈರುಗಳು ಮಾತ್ರ ಆಲ್ಟರ್ನೇಟರಿನಿಂದ ಬ್ಯಾಟರಿವರೆಗೆ ಎಟುಕುವುದಿಲ್ಲ. ತುದಿಗೆ ಕ್ಲಿಪ್ ಇರುವ ಉದ್ದನೆಯ ವೈರ್ ಒಂದನ್ನು ಜೊತೆಗೇ ತಂದಿಟ್ಟುಕೊಳ್ಳಿ, ಓಡುವ ಬೆಲ್ಟಿನಿಂದ ದೂರ ಹಾಯಿಸಿ.