‘ಸೈಡ್‌ವೈಂಡರ್’: ಹಳೆಯ ಮೋನೋ ಮೇಲೋ, ಹೊಸ ಸ್ಟೀರಿಯೋ ಮೇಲೋ?

ಜಾಝ್ ಟ್ರಂಪೆಟ್ ವಾದಕ ಲೀ ಮಾರ್ಗನ್‌ನ ‘ದಿ ಸೈಡ್‌ವೈಂಡರ್’ ಎಲ್‌ಪಿ ರೆಕಾರ್ಡಿನ ಮೂರು ಪ್ರತಿಗಳನ್ನು ಒಂದೇ ಟರ್ನ್‌ಟೇಬಲ್‌ನಲ್ಲಿ, ಆರ್ಟೊಫೋನ್ 2ಎಂ ಬ್ಲೂ ಕಾರ್ಟ್ರಿಜ್‌ನಲ್ಲಿ (ಸೂಜಿ ಹೊತ್ತ ಭಾಗ), 1.8 ಗ್ರಾಂ ಸೂಜಿಭಾರಕ್ಕೆ ಕೇಳಿದ್ದು: 1964ರ ಒಂದೇ ಚಾನೆಲ್ಲಿನ ಮೋನೋ (ಕ್ಯಾಟಲಾಗ್ ಸಂಖ್ಯೆ 4157), ಬ್ಲೂ ನೋಟ್ ಕಂಪನಿ ಲಿಬರ್ಟಿಯ ಕೈಸೇರಿದ ಮೇಲಿನ, ಎರಡು ಚಾನೆಲ್ಲಿನ ಸ್ಟೀರಿಯೋ (84157), ಬ್ಲೂ ನೋಟ್ ಕ್ಲಾಸಿಕ್ ವಿನೈಲ್ ಸರಣಿಯ 180 ಗ್ರಾಂ ಮರುಮುದ್ರಣ.

ಮೋನೋದ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಕೊಳ್ಳುವ ಮುನ್ನ ಲೇಬಲ್ ಸುತ್ತಲ ಖಾಲಿ ಜಾಗವನ್ನು ದೀಪಕ್ಕೆ ಓರೆಯಾಗಿ ಹಿಡಿಯಿರಿ. ಧ್ವನಿಮುದ್ರಣ ಎಂಜಿನಿಯರ್ ವ್ಯಾನ್ ಗೆಲ್ಡರ್ ಹೆಸರಿನ ಮುದ್ರೆಯ ಜೊತೆ, ಮೊದಲ ಪ್ರತಿಗಳನ್ನು ಒತ್ತಿದ ಕಾರ್ಖಾನೆಯ ಗುರುತಾದ, ಕಿವಿಯಂತೆ ಕಾಣುವ ‘ಪಿ’ ಗೀರು ಇರಬೇಕು. ಲಿಬರ್ಟಿಯವರು ಹಳೆಯ ಅಚ್ಚುಗಳನ್ನೇ ಬಳಸಿದ್ದುಂಟು, ಹಾಗಾಗಿ ಮುದ್ರೆಯೊಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ದನಿಯೇನೋ ಭರ್ಜರಿ: ಟ್ರಂಪೆಟ್ ಮೈಮೇಲೆ ಬರುತ್ತದೆ. ಆದರೆ ಭಾರದ ಸೂಜಿಗಳಡಿ ಸವೆದ ಪ್ರತಿಯಲ್ಲಿ ಅದೇ ಟ್ರಂಪೆಟ್ ಏರುಸ್ವರದಲ್ಲಿ ಹರಿದ ಬಟ್ಟೆಯಂತೆ ಕೇಳುತ್ತದೆ. ಎಷ್ಟು ತೊಳೆದರೂ ಅದು ಹೋಗದು.

ಇಷ್ಟಕ್ಕೂ ಈ ಮೋನೋ ಬೇರೆ ಮಿಶ್ರಣವಲ್ಲ. 1963ರ ಡಿಸೆಂಬರ್ 21ರಂದು ಇಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ರೂಡಿ ವ್ಯಾನ್ ಗೆಲ್ಡರ್ ಧ್ವನಿಮುದ್ರಿಸಿಕೊಂಡದ್ದು ಎರಡು ಟ್ರ್ಯಾಕ್ ಟೇಪಿಗೆ. ಎರಡನ್ನೂ ಕೂಡಿಸಿದ್ದೇ ಮೋನೋ. ಆಂಪ್ಲಿಫೈಯರ್‌ನಲ್ಲಿ ಮೋನೋ ಗುಂಡಿ ಇದ್ದರೆ ಹೊಸ ಸ್ಟೀರಿಯೋದ ಮೇಲೆ ಒತ್ತಿ ನೋಡಿ, ಮುಕ್ಕಾಲು ದಾರಿ ಅಲ್ಲೇ ಕಳೆಯಿತು. ಉಳಿಯುವ ಅಂತರ ಮೂಲ ಲಕ್ಕರ್ (ಅಚ್ಚು ತೆಗೆಯಲು ಕೆತ್ತುವ ಮೊದಲ ತಟ್ಟೆ) ಕೆತ್ತುವಾಗ ವ್ಯಾನ್ ಗೆಲ್ಡರ್ ಕೊಟ್ಟ ಬಿಗಿ, ಜೋರು.

ಲಿಬರ್ಟಿ ಪ್ರತಿಯ ಬಗ್ಗೆ ಹೆಚ್ಚೇನಿಲ್ಲ. ಮುದ್ರೆಯಿದ್ದು ಸವೆತ ಕಡಿಮೆಯಿದ್ದರೆ ಲಾಭ, ಇಲ್ಲವಾದರೆ ಬಿಟ್ಟುಬಿಡಿ.

ಎಂಜಿನಿಯರ್ ಕೆವಿನ್ ಗ್ರೇ ಅನಲಾಗ್ ಟೇಪಿನಿಂದಲೇ ಮಾಸ್ಟರ್ ಮಾಡಿದ ಮರುಮುದ್ರಣದಲ್ಲಿ ಬಾಬ್ ಕ್ರ್ಯಾನ್‌ಶಾನ ಬಾಸ್ ಕೆಳಗಿನವರೆಗೂ ಇಳಿಯುತ್ತದೆ, ಬಿಲ್ಲಿ ಹಿಗಿನ್ಸ್‌ನ ಸಿಂಬಲ್‌ಗೆ ಉಸಿರಾಡಲು ಜಾಗ ಸಿಕ್ಕಿದೆ. ಬ್ಯಾರಿ ಹ್ಯಾರಿಸ್‌ನ ಪಿಯಾನೋ ಮಾತ್ರ ಮೂರರಲ್ಲೂ ಪೆಟ್ಟಿಗೆಯೊಳಗಿಂದಲೇ ಬರುತ್ತದೆ. ಅದು ಟೇಪಿನಲ್ಲೇ ಹಾಗಿದೆ, ಕಾರ್ಟ್ರಿಜ್ ಬದಲಿಸಿ ದುಡ್ಡು ಕಳೆಯಬೇಡಿ.

ಪರೀಕ್ಷೆಗೆ ಮೊದಲ ಹಾಡು ಬೇಡ. ಅದು ಹೊರಗಿನ ಗೀರುಗಳಲ್ಲಿದೆ, ಎಲ್ಲದರಲ್ಲೂ ಚೆನ್ನಾಗಿಯೇ ಕೇಳುತ್ತದೆ. ಅದೇ ಬದಿಯ ‘ಟೋಟೆಮ್ ಪೋಲ್’ ಕೊನೆಯ ಎರಡು ನಿಮಿಷ ಹಾಕಿ: ಲೇಬಲ್ ಹತ್ತಿರದ ಒಳಗೀರುಗಳಲ್ಲೇ ದನಿ ಸುಲಭವಾಗಿ ಒಡೆಯುವುದು. ಅಲ್ಲಿ ಟ್ರಂಪೆಟ್ ಕರಕರ ಎಂದರೆ ಮೊದಲು ಕಾರ್ಟ್ರಿಜ್ ಜೋಡಣೆ ಸರಿಪಡಿಸಿ, ಆಮೇಲೆ ಪ್ರತಿಯನ್ನು ದೂರಿ. ಹೊಸ ಪ್ರತಿಯಲ್ಲಿ ನಡುತೂತು ಸರಿದಿದೆಯೇ ಎಂದೂ ನೋಡಿ: ಸುತ್ತುಸುತ್ತಿಗೂ ಟೋನ್‌ಆರ್ಮ್ (ಕಾರ್ಟ್ರಿಜ್ ಹಿಡಿದ ತೋಳು) ಎಡಕ್ಕೂ ಬಲಕ್ಕೂ ತೂಗಿ, ಎಳೆದ ಸ್ವರ ಅಲುಗಿದರೆ ಅದನ್ನು ಬದಲಿಸಿಕೊಡಿ ಎಂದು ಕೇಳಲೇಬೇಕು.