ಅಬ್ಬರದ ಚಿತ್ರಗಳು, ಅಪರೂಪವಾದ ನಗೆ

ಈಚಿನ ಹಾಲಿವುಡ್‌ನ ಭಾರೀ ವೆಚ್ಚದ ಚಿತ್ರಗಳಲ್ಲಿ ನನಗೆ ಅತ್ಯಂತ ಹಿಡಿಸಿದ್ದು 2022ರ ‘ಟಾಪ್ ಗನ್: ಮಾವೆರಿಕ್’. ಕಥೆ ಮೊದಲೇ ಊಹಿಸಬಹುದಾದದ್ದಾದರೂ, ಯುದ್ಧವಿಮಾನದ ಕಾಕ್‌ಪಿಟ್‌ನಲ್ಲಿ ಕ್ಯಾಮೆರಾಗಳನ್ನಿರಿಸಿ ನಟರನ್ನು ನಿಜವಾಗಿಯೂ ಆಕಾಶಕ್ಕೇರಿಸಿ ಚಿತ್ರೀಕರಿಸಿದ್ದರಿಂದ, ಕಡಿದಾದ ತಿರುವುಗಳಲ್ಲಿ ಅವರ ಮುಖ ಜಗ್ಗುವುದನ್ನು ಕಂಡಾಗ ಗ್ರಾಫಿಕ್ಸ್ ಕೊಡಲಾರದ ಒತ್ತಡವೊಂದು ನೋಡುವವರಿಗೂ ತಟ್ಟುತ್ತದೆ. ಡೆನಿ ವಿಲ್ನವ್ ನಿರ್ದೇಶನದ ‘ಡ್ಯೂನ್: ಪಾರ್ಟ್ ಟು’ (2024) ಸಹ ಇದೇ ಸಾಲಿಗೆ ಸೇರುತ್ತದೆ, ನಾಯಕ ಮರುಭೂಮಿಯ ದೈತ್ಯ ಮರಳುಹುಳುವಿನ ಬೆನ್ನೇರುವ ದೃಶ್ಯದಲ್ಲಿ ಶಬ್ದವೇ ಅರ್ಧ ಕೆಲಸ ಮಾಡುತ್ತದೆ. ಕೊನೆಯ ಭಾಗ ಮಾತ್ರ ಅವಸರದ್ದೆನಿಸಿತು.

ಹಾಸ್ಯದ ವಿಷಯದಲ್ಲಿ ಇಷ್ಟು ಉದಾರವಾಗಿ ಹೇಳಲಾರೆ. 2024ರ ‘ಡೆಡ್‌ಪೂಲ್ ಆ್ಯಂಡ್ ವೊಲ್ವರೀನ್’ ಚಿತ್ರದ ಬಹುಪಾಲು ಚಟಾಕಿಗಳು ಹಳೆಯ ಸೂಪರ್‌ಹೀರೋ ಚಿತ್ರಗಳನ್ನೂ ಸ್ಟುಡಿಯೋಗಳ ವ್ಯವಹಾರವನ್ನೂ ಬಲ್ಲವರಿಗಷ್ಟೇ ದಕ್ಕುತ್ತವೆ. ಗ್ರೆಟಾ ಗರ್ವಿಗ್ ಅವರ ‘ಬಾರ್ಬಿ’ (2023) ಉಪದೇಶಕ್ಕಿಳಿದಾಗ ಸೊರಗುತ್ತದೆ, ಆದರೆ ಬಾರ್ಬಿ ಗೊಂಬೆಯ ಜೊತೆಗಾರ ಕೆನ್‌ನ ಪಾತ್ರದಲ್ಲಿ ರಯಾನ್ ಗೋಸ್ಲಿಂಗ್ ತನ್ನ ಪೆದ್ದುತನವನ್ನು ಪೂರ್ಣ ಗಾಂಭೀರ್ಯದಿಂದ ನಿಭಾಯಿಸಿರುವುದರಿಂದ ಅವರು ಬಂದಾಗಲೆಲ್ಲ ನಗು ಉಕ್ಕುತ್ತದೆ. ಲಿಯಾಮ್ ನೀಸನ್ ನಟಿಸಿದ 2025ರ ‘ದಿ ನೇಕೆಡ್ ಗನ್’ ಕೂಡ ಇದೇ ಸೂತ್ರವನ್ನು ನೆಚ್ಚಿಕೊಂಡಿದೆ: ಸಾಹಸಚಿತ್ರಗಳಿಂದ ಪರಿಚಿತವಾದ ಅವರ ಬಿಗಿದ ಮುಖವೇ ಇಲ್ಲಿ ಹಾಸ್ಯದ ಮೂಲ. ಒಂದೂವರೆ ಗಂಟೆಗೂ ಮುಂಚೆ ಮುಗಿಯುವ ಈ ಚಿತ್ರದಲ್ಲಿ ಕೆಲವು ಚಟಾಕಿಗಳು ಪೂರ್ತಿ ಸಪ್ಪೆಯಾಗಿವೆ, ಆದರೆ ಬೇಸರವಾಗುವಷ್ಟರಲ್ಲಿ ಮುಂದಿನದು ಬಂದುಬಿಡುತ್ತದೆ.